ಮೇಯರ್ ನಂಬುತ್ತಿಲ್ಲ, ಆಸ್ಪತ್ರೆಯಲ್ಲೇ ದಿನ ಕಳೆದುಹೋಗುತ್ತಿದೆ

'ಇಟ್ ಕೇಮ್ ಫ್ರಮ್ ದ ಡೆಸರ್ಟ್' ಕಂಪ್ಯೂಟರ್ ಆಟ ಆಡುವಾಗ, ಊರಿಗೆ ದೈತ್ಯ ಇರುವೆಗಳ ಅಪಾಯವಿದೆ ಎಂದರೆ ಮೇಯರ್ ಮಾತು ಕೇಳುವುದೇ ಇಲ್ಲ, ಇರುವೆ ಕಚ್ಚಿದರೆ ದಿನಗಟ್ಟಲೆ ಆಸ್ಪತ್ರೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಮೊದಲು ಆಸ್ಪತ್ರೆ ವಿಷಯ. ಸುಮ್ನೆ ಮಲಗಿರಬೇಡಿ, ತಪ್ಪಿಸಿಕೊಳ್ಳಿ! ನರ್ಸ್, ಡಾಕ್ಟರ್‌ಗಳ ಕಣ್ಣು ತಪ್ಪಿಸಿ ಬಾಗಿಲು ದಾಟಿದರೆ ಸಮಯ ಉಳಿಯುತ್ತದೆ. ಊರು ಉಳಿಸಲು ನಿಮಗೆ ಇರುವುದು ಬರೀ 15 ದಿನ, 1951ರ ಜೂನ್ 1ರಿಂದ. ಊರಲ್ಲಿ ಎಲ್ಲಿಗೆ ಹೋದರೂ ಗಡಿಯಾರ ಓಡುತ್ತಲೇ ಇರುತ್ತದೆ. ಅದಕ್ಕೇ ಸುಮ್ಮನೆ ಅಲೆಯಬೇಡಿ.

ಮೇಯರ್‌ಗೆ ಬಾಯಿಮಾತು ಸಾಲದು, ಸಾಕ್ಷಿ ಬೇಕು. ಸಿಕ್ಕಿದ್ದನ್ನೆಲ್ಲ ಲ್ಯಾಬ್‌ಗೆ ಕೊಟ್ಟು ಪರೀಕ್ಷೆ ಮಾಡಿಸಿ. ಇರುವೆ ಎದುರಾದಾಗ ಮೈಗೆ ಗುಂಡು ಹಾರಿಸಿದರೆ ಪ್ರಯೋಜನವಿಲ್ಲ, ತಲೆಯ ಮೇಲಿನ ಮೀಸೆಗೆ (ಆಂಟೆನಾಗೆ) ಗುರಿಯಿಡಿ.

1989ರಲ್ಲಿ ಸಿನಿಮಾವೇರ್ ಕಂಪನಿ ಈ ಆಟವನ್ನು ಅಮಿಗಾ ಕಂಪ್ಯೂಟರ್‌ಗೆ ತಂದಿತು. 1954ರ 'ದೆಮ್!' ಸಿನಿಮಾದ ದೈತ್ಯ ಇರುವೆಗಳೇ ಇದಕ್ಕೆ ಪ್ರೇರಣೆ. ಇರುವೆ ದೈತ್ಯವಾಗಲು ಅಲ್ಲಿ ಅಣುಬಾಂಬ್ ಪರೀಕ್ಷೆ ಕಾರಣ, ಇಲ್ಲಿ ಉಲ್ಕೆ. ಆ ಹಳೇ ಸಿನಿಮಾದ ಭಯವನ್ನು ಇಷ್ಟು ಚೆನ್ನಾಗಿ ಹಿಡಿದ ಆಟ ನನಗಂತೂ ಬೇರೆ ಸಿಕ್ಕಿಲ್ಲ.

ಅಂದಹಾಗೆ, ಎಮ್ಯುಲೇಟರ್‌ನಲ್ಲಿ (ಈಗಿನ ಕಂಪ್ಯೂಟರ್‌ನಲ್ಲಿ ಅಮಿಗಾ ಆಟ ಓಡಿಸುವ ತಂತ್ರಾಂಶದಲ್ಲಿ) ಆಡುತ್ತಿದ್ದರೆ ಮೆಮೊರಿ 1 ಎಂಬಿ ಇಡಿ. 512 ಕೆಬಿ ಸಾಕಾಗಲ್ಲ.