ಕಾರಿನ ಮೀಟರುಗಳನ್ನು ಡ್ಯಾಶ್‌ಬೋರ್ಡಿಗೆ ಹಾನಿಯಾಗದಂತೆ ತೆಗೆಯುವುದು ಹೇಗೆ?

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕಾಣುವ ಸ್ಕ್ರೂಗಳನ್ನೆಲ್ಲ ಬಿಚ್ಚಿದ ಮೇಲೆ, ಮೀಟರಿನ ಸುತ್ತಲಿನ ಚೌಕಟ್ಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಪ್ರತಿ ಕ್ಲಿಪ್ಪಿನ ಪಕ್ಕದಲ್ಲೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ನೇರವಾಗಿ ಹೊರಕ್ಕೆ ಎಳೆಯಬೇಕು. ಈ ಕ್ಲಿಪ್ಪುಗಳು ನೇರ ಎಳೆತಕ್ಕೆ ಮಾತ್ರ ಮಣಿಯುತ್ತವೆ. ಸ್ಕ್ರೂಡ್ರೈವರ್ ತೂರಿಸಿ ಒಂದೇ ಮೂಲೆಯಿಂದ ಮೀಟಿದರೆ ಬಲವೆಲ್ಲ ಒಂದೇ ಕ್ಲಿಪ್ಪಿನ ಮೇಲೆ ಬಿದ್ದು, ವರ್ಷಗಟ್ಟಲೆ ಬಿಸಿಲುಂಡು ಪೆಡಸಾದ ಪ್ಲಾಸ್ಟಿಕ್ ಬುಡದಲ್ಲೇ ಮುರಿಯುತ್ತದೆ. ಹೇರ್ ಡ್ರೈಯರಿನಿಂದ ಹದವಾಗಿ ಬೆಚ್ಚಗೆ ಮಾಡಿಕೊಂಡರೆ ಅದು ಮುರಿಯದೆ ಬಾಗುತ್ತದೆ. ಚೌಕಟ್ಟು ಎಲ್ಲಿಯಾದರೂ ಹಟ ಹಿಡಿದರೆ ಅಲ್ಲೊಂದು ಸ್ಕ್ರೂ ಅಡಗಿದೆಯೆಂದೇ ತಿಳಿಯಿರಿ. ಮೀಟರನ್ನು ಒಮ್ಮೆಗೇ ಜಗ್ಗಬಾರದು. ಹಿಂದೆ ಕೈಹಾಕಿ, ತಂತಿಗಳನ್ನು ಮೀಟರಿಗೆ ಜೋಡಿಸುವ ಕನೆಕ್ಟರಿನ ನಾಲಗೆಯನ್ನು ಒತ್ತಿ ಬಿಡಿಸಬೇಕು, ಹಳೆಯ ಮಾರುತಿ 800ರಂತಹ ಕಾರುಗಳಲ್ಲಾದರೆ ಸ್ಪೀಡೋಮೀಟರ್ ಕೇಬಲನ್ನೂ ಕಳಚಬೇಕು.