ಉಗ್ರಾಣದಲ್ಲಿ ಅಡಗಿಸಿಟ್ಟ ಗೆಕ್ಕೊಗಳು

ಪ್ರಶ್ನೆ: ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರದವಳು, ವಯಸ್ಸು 27, ಶಿಕ್ಷಕಿ. ಆರು ವರ್ಷಗಳಿಂದ ಕ್ರೆಸ್ಟೆಡ್ ಗೆಕ್ಕೊ ಎಂಬ ವಿದೇಶಿ ಹಲ್ಲಿಗಳನ್ನು ಸಾಕಿ, ಮರಿ ಮಾಡಿಸಿ, ಅವುಗಳ ಫೋಟೊ ತೆಗೆಯುತ್ತಿದ್ದೇನೆ. ಈಗ ಒಂಬತ್ತಿವೆ. ಪುತ್ತೂರಿನಿಂದ ಹುಡುಗನ ಕಡೆಯವರು ನೋಡಲು ಬಂದ ದಿನ ಅಮ್ಮ ಅವನ್ನೆಲ್ಲ ಅಡಕೆ ಉಗ್ರಾಣಕ್ಕೆ ಸಾಗಿಸಿದರು. ಆ ಗಡಿಬಿಡಿಯಲ್ಲಿ ಒಂದು ಹೆಣ್ಣಿನ ಬಾಲ ಕಳಚಿ ಬಿತ್ತು. ಹುಡುಗ ನನಗೆ ಒಪ್ಪಿಗೆ. ಅವರಿಗೆ ಇದ್ಯಾವುದೂ ಗೊತ್ತಿಲ್ಲ. "ಮದುವೆಯಾದ ಮೇಲೆ ಮೆಲ್ಲನೆ ಹೇಳು" ಎನ್ನುತ್ತಾರೆ ಅಮ್ಮ. ಏನು ಮಾಡಲಿ?

ಉತ್ತರ: ತಂಗೀ, ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿ. ಅಮ್ಮನ ಮೂಲಕವಲ್ಲ, ದಲ್ಲಾಳಿಯ ಮೂಲಕವಲ್ಲ, ನೀವೇ ಹೇಳಿ.

ಮನೆಯ ಗೋಡೆಯ ಹಲ್ಲಿಗೆ ಬಾಲ ಮತ್ತೆ ಚಿಗುರುತ್ತದೆ. ನಿಮ್ಮ ಗೆಕ್ಕೊಗೆ ಚಿಗುರುವುದಿಲ್ಲ. ಅದು ಗೊತ್ತಿದ್ದೇ ನೀವು ಆ ರಾತ್ರಿಯಿಡೀ ಅತ್ತಿರಿ. ಏಕೆ ಅಳುತ್ತಿದ್ದೀರೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ ಎಂದು ಬರೆದಿದ್ದೀರಿ. ಒಂದು ಸಂಜೆಯ ಮುಚ್ಚುಮರೆಗೇ ಇಷ್ಟು ಬೆಲೆ ತೆತ್ತವರು ವರ್ಷಗಟ್ಟಲೆ ಮುಚ್ಚಿಡುವ ಮಾತನ್ನು ಯೋಚಿಸಲೂಬಾರದು.

ಹುಡುಗನನ್ನು ಮುಸ್ಸಂಜೆಗೆ ಕರೆಯಿರಿ, ಹಗಲಿನಲ್ಲಿ ಅವು ಮಲಗಿರುತ್ತವೆ. ಹಣ್ಣಿನ ಪುಡಿ ಕಲಸಿಟ್ಟಾಗ ಅವು ಎಲೆಯ ಮರೆಯಿಂದ ಇಳಿದು ಬರುವುದನ್ನು ಅವರು ನೋಡಲಿ. ರೆಪ್ಪೆಯೇ ಇಲ್ಲದ ಕಣ್ಣನ್ನು ನಾಲಿಗೆಯಿಂದ ಒರೆಸಿಕೊಳ್ಳುವ ಕ್ಷಣಕ್ಕಾಗಿ ಮೂರು ತಿಂಗಳು ಕಾದು ಫೋಟೊ ತೆಗೆದಿದ್ದೀರಲ್ಲ, ಅದನ್ನೂ ತೋರಿಸಿ. ಅಳಿದೇ ಹೋಯಿತೆಂದು ಎಲ್ಲರೂ ನಂಬಿದ್ದ ಈ ಜೀವಿ 1994ರಲ್ಲಿ ನ್ಯೂ ಕ್ಯಾಲೆಡೋನಿಯಾದಲ್ಲಿ ಮತ್ತೆ ಕಾಣಿಸಿತು ಎಂಬ ಕಥೆಯನ್ನು ನೀವು ಹೇಳುವಾಗ ಅವರ ಮುಖವನ್ನು ಗಮನಿಸಿ.

ಕಷ್ಟದ ಭಾಗವನ್ನೂ ಅಷ್ಟೇ ಬಿಚ್ಚಿ ಹೇಳಿ. ಇವು ಹದಿನೈದು, ಇಪ್ಪತ್ತು ವರ್ಷ ಬದುಕುತ್ತವೆ. 28 ಡಿಗ್ರಿ ದಾಟಿದರೆ ಬಳಲುತ್ತವೆ. ಪುತ್ತೂರಿನ ಏಪ್ರಿಲ್ ಸೆಕೆಯಲ್ಲಿ ತಂಪಾದ ಒಂದು ಕೋಣೆ ಬೇಕು, ವಿದ್ಯುತ್ ಬಿಲ್ಲು ಬರುತ್ತದೆ. ಅದನ್ನು ನನ್ನ ಸಂಬಳದಲ್ಲೇ ಕಟ್ಟುತ್ತೇನೆ ಎಂದು ಸ್ಪಷ್ಟವಾಗಿ ಹೇಳಿ.

ಒಂದು ವಿಷಯದಲ್ಲಿ ನಾನು ನಿಮ್ಮ ಪರ ಇಲ್ಲ. ಮರಿ ಮಾಡಿಸುವುದನ್ನು ಸದ್ಯ ನಿಲ್ಲಿಸಿ. ಹೆಣ್ಣು ಒಂದು ಸಲಕ್ಕೆ ಎರಡು ಮೊಟ್ಟೆಯಿಟ್ಟರೂ ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಇಡುತ್ತಲೇ ಹೋಗುತ್ತದೆ. ಗಂಡನ್ನು ಬೇರೆ ಮಾಡಿದ ಮೇಲೂ ಕೆಲವು ತಿಂಗಳು ಫಲಿತ ಮೊಟ್ಟೆ ಬರಬಹುದು, ಆದ್ದರಿಂದ ಬೇರ್ಪಡಿಸುವ ಕೆಲಸ ಈ ವಾರವೇ ಆಗಲಿ. ನೆಲೆ ಗೊತ್ತಿಲ್ಲದ ಮನೆಗೆ ಒಂಬತ್ತನ್ನು ಒಯ್ಯುವುದೇ ದೊಡ್ಡ ಮಾತು, ಇಪ್ಪತ್ತನ್ನಲ್ಲ. ಖರೀದಿಯ ಕಾಗದಪತ್ರ ಜೋಪಾನವಾಗಿರಲಿ. ಕೇರಳದ ಗಡಿ ದಾಟಿಸಿ ಪುತ್ತೂರಿಗೆ ಒಯ್ಯುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಅಮ್ಮನ ಮೇಲೆ ಸಿಟ್ಟು ಬೇಡ. 2022ರಲ್ಲಿ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ಸತ್ತಾಗ ಅಮ್ಮ ಊಟ ಬಿಟ್ಟು ಕುಳಿತಿದ್ದರೆಂದು ನೀವೇ ಬರೆದಿದ್ದೀರಿ. ಮೊಸಳೆಗಾಗಿ ಮರುಗಿದ ಆ ಜೀವಕ್ಕೆ ನಿಮ್ಮ ಗೆಕ್ಕೊಗಳ ಮೇಲೆ ದ್ವೇಷವಿರಲಾರದು. ಮಗಳ ಸಂಬಂಧ ತಪ್ಪೀತೆಂಬ ದಿಗಿಲು ಅಷ್ಟೆ. ಅಡುಗೆಮನೆಯ ಸಿಂಕಿನಲ್ಲಿ ಅವುಗಳ ತಟ್ಟೆ ತೊಳೆಯಬೇಡ ಎಂಬ ಅವರ ಆಕ್ಷೇಪವಂತೂ ಪೂರ್ತಿ ಸರಿ. ಸರೀಸೃಪಗಳಿಂದ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಸೋಂಕು ತಗಲುವುದುಂಟು. ಬಾವಿಕಟ್ಟೆಯಿಂದ ದೂರ, ಹೊರಗಿನ ನಲ್ಲಿಯಲ್ಲಿ ತೊಳೆಯಿರಿ. ಅವನ್ನು ಮುಟ್ಟಿದ ಕೈಗೆ ಸೋಪು ಹಾಕಿಕೊಳ್ಳಿ.

ಹುಡುಗ ಬೇಡವೆಂದರೆ ನೋವಾಗುತ್ತದೆ, ನಿಜ. ಆದರೆ ಆ ನೋವು ನಿಮ್ಮದೇ ಮನೆಯಲ್ಲಿ, ನಿಮ್ಮವರ ನಡುವೆ ಇರುವಾಗ ಬರುತ್ತದೆ. ಇನ್ನೊಬ್ಬರ ಮನೆಯ ಉಗ್ರಾಣದಲ್ಲಿ ಅಡಗಿಸಿಡುವ ಪಾಡಿಗಿಂತ ಅದು ಎಷ್ಟೋ ಮೇಲು.

ಬಾಲ ಕಳಚಿದಂದಿನಿಂದ ಆ ಹೆಣ್ಣಿನ ಒಂದು ಫೋಟೊವನ್ನೂ ತೆಗೆದಿಲ್ಲ ಎಂದಿದ್ದೀರಿ. ಕಾಡಿನಲ್ಲಿ ಬೆಳೆದ ಈ ಜಾತಿಯ ಗೆಕ್ಕೊಗಳಲ್ಲಿ ಬಹುಪಾಲು ಬಾಲವಿಲ್ಲದೆಯೇ ಹತ್ತಿ, ಹಾರಿ, ಮರಿ ಮಾಡಿ ಬದುಕುತ್ತವೆ. ಇಂದು ಸಂಜೆ ಕ್ಯಾಮೆರಾ ಹಿಡಿದು ಅದರ ಮುಂದೆ ಕುಳಿತುಕೊಳ್ಳಿ. ಹುಡುಗ ಬಂದ ದಿನ ಮೊದಲು ಆ ಫೋಟೊವನ್ನೇ ಅವರ ಕೈಗೆ ಕೊಡಿ.