500 ಮೀಟರ್ ಬಿಟ್ಟರೆ ಉಳಿದ ಸಮುದ್ರ ಖಾಲಿ ತಾನೇ?

ಹೊನ್ನಾವರದ ಓದುಗರೇ,

ಕಡಲಲ್ಲಿ ಕಚ್ಚಾ ಎಣ್ಣೆ ತೆಗೆಯುವುದರಿಂದ ತಮ್ಮ ಕಸುಬಿಗೆ ಪೆಟ್ಟು ಬಿದ್ದಿದೆ ಅನ್ನುವ ಪಶ್ಚಿಮ ಆಫ್ರಿಕಾದ ಘಾನಾ ಮೀನುಗಾರರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಖಾರವಾಗಿಯೇ ಬರೆದಿದ್ದೀರಿ. ಎಣ್ಣೆ ತೆಗೆಯುವುದು ದಡದಿಂದ ಸುಮಾರು 60 ಕಿ.ಮೀ. ಆಚೆ, ಬಲೆ ಹಾಕಬಾರದು ಅಂದಿರುವುದು ಎಣ್ಣೆ ತೆಗೆಯುವ ಹಡಗಿನ ಸುತ್ತ 500 ಮೀಟರ್ ಮಾತ್ರ, ಹಾಗಾದರೆ ಇದೆಲ್ಲ ಪರಿಹಾರದ ದುಡ್ಡಿಗೆ ಎಬ್ಬಿಸಿದ ಗಲಾಟೆ ಅಲ್ವಾ ಅಂತ ಕೇಳಿದ್ದೀರಿ.

ನಿಮ್ಮ ಲೆಕ್ಕ ಸರಿ. ಆ ಜಾಗ ಸುಮಾರು ಒಂದು ಚದರ ಕಿ.ಮೀ. ಅಷ್ಟೇ. ಆದರೆ ಮೀನು ಸಮುದ್ರದಲ್ಲಿ ಎಲ್ಲ ಕಡೆ ಸಮನಾಗಿ ಇರುತ್ತದೆಯೇ? ಅಲ್ಲಿನ ಜುಬಿಲಿ ಎಂಬ ಎಣ್ಣೆ ನಿಕ್ಷೇಪ ಸಿಕ್ಕಿದ್ದು 2007ರಲ್ಲಿ, ಎಣ್ಣೆ ಬರತೊಡಗಿದ್ದು 2010ರ ಕೊನೆಗೆ. ಸಾವಿರ ಮೀಟರಿಗೂ ಜಾಸ್ತಿ ಆಳದ ನೀರಲ್ಲಿ ಒಂದು ದೈತ್ಯ ಹಡಗು ಲಂಗರು ಹಾಕಿ ನಿಂತಿದೆ, ರಾತ್ರಿಯಿಡೀ ಅದರ ದೀಪ ಉರಿಯುತ್ತದೆ. ಬೆಳಕಿಗೆ ಮೀನು ಸೇರುತ್ತದೆ ಅನ್ನೋದನ್ನ ಹೊನ್ನಾವರದವರಿಗೆ ನಾನು ಹೇಳಬೇಕಾ? ಲೈಟ್ ಫಿಶಿಂಗ್ ನಿಲ್ಲಿಸಿ ಅಂತ ನಮ್ಮ ನಾಡದೋಣಿಯವರು ಎಷ್ಟು ಸಲ ಬೀದಿಗಿಳಿದಿಲ್ಲ! ಘಾನಾದಲ್ಲೂ ಮೀನು ಸೆಳೆಯಲು ಲೈಟ್ ಹಾಕುವುದು ಅಪರಾಧ. ದೋಣಿಯವನು ಹಾಕಿದರೆ ಮಾತ್ರ.

ಅಲ್ಲಿನ ದೋಣಿ ಅಂದರೆ ಒಂದೇ ಮರದ ದಿಮ್ಮಿ ಕೊರೆದು, ಮೇಲೆ ಹಲಗೆ ಕಟ್ಟಿ, ಹಿಂದೆ ಒಂದು ಔಟ್‌ಬೋರ್ಡ್ ಇಂಜಿನ್ ಸಿಕ್ಕಿಸಿದ್ದು. ತೇಲುಬಲೆಯನ್ನು ಸಂಜೆ ಬಿಟ್ಟರೆ ರಾತ್ರಿಯೆಲ್ಲ ಸೆಳವಿನ ಜೊತೆ ಬಲೆಯೂ ಹೋಗುತ್ತದೆ, ದೋಣಿಯೂ ಹೋಗುತ್ತದೆ. 500 ಮೀಟರ್ ಗೆರೆ ನೀರಿನ ಮೇಲೆ ಕಾಣುವುದಿಲ್ಲವಲ್ಲ, ಗೊತ್ತಾಗದೆ ಒಳಗೆ ತೇಲಿಹೋಗಬಹುದು. ಹಾಗಾಗಿ ಬಲೆ ಉಳಿಸಿಕೊಳ್ಳಬೇಕು ಅನ್ನುವವನು ಆ ಹಡಗಿನಿಂದ ಬಹಳ ದೂರವೇ ಇರಬೇಕು.

ಎಲ್ಲದಕ್ಕೂ ಎಣ್ಣೆಯೇ ಕಾರಣ ಅಂತ ನಾನೂ ಒಪ್ಪಲ್ಲ. ನಮ್ಮ ತಾರ್ಲೆಯ ಬಳಗದ ಮೀನು ಅಲ್ಲಿ ಕಮ್ಮಿಯಾಗಿದ್ದು ಎಣ್ಣೆ ಸಿಗುವುದಕ್ಕೂ ಮೊದಲಿನಿಂದ, ಅದರಲ್ಲಿ ದೊಡ್ಡ ಟ್ರಾಲರ್‌ಗಳ ಪಾಲು ದೊಡ್ಡದು. 2011ರಿಂದ ದಡಕ್ಕೆ ರಾಶಿ ರಾಶಿ ಬಂದು ಬೀಳುವ ಕಂದು ಪಾಚಿಯನ್ನೂ ಜನ ಎಣ್ಣೆ ಲೆಕ್ಕಕ್ಕೆ ಬರೆದರು. ಅದೇ ಪಾಚಿ ಅಟ್ಲಾಂಟಿಕ್‌ನ ಆಚೆ ದಡದ ಕೆರಿಬಿಯನ್ ದ್ವೀಪಗಳಿಗೂ ಬರುತ್ತಿದೆ, ಅದಕ್ಕೆ ಘಾನಾದ ಎಣ್ಣೆಯನ್ನು ದೂರಲಾಗದು.

ಪರಿಹಾರದ ದುಡ್ಡು ಅಂದಿರಲ್ಲ, ಅದು ಸುಮ್ನೆ ಸಿಗಲ್ಲ. 2009ರಲ್ಲಿ ಆಸ್ಟ್ರೇಲಿಯಾ ಕಡೆಯ ಮೊಂಟಾರಾ ಬಾವಿಯಿಂದ ಎರಡು ತಿಂಗಳಿಗೂ ಹೆಚ್ಚು ಕಾಲ ಎಣ್ಣೆ ಸೋರಿತು. ಇಂಡೊನೇಷ್ಯಾದ ದಡದಲ್ಲಿ ಕಡಲಪಾಚಿ ಬೆಳೆಯುತ್ತಿದ್ದವರ ಬೆಳೆ ಸತ್ತಿತು. ಎಣ್ಣೆ ಅಲ್ಲಿಯವರೆಗೆ ಹೋಗಿಯೇ ಇಲ್ಲ ಅಂತ ಕಂಪನಿಯ ವಾದ. ಹೋಗಿದೆ ಅಂತ ಆಸ್ಟ್ರೇಲಿಯಾದ ಕೋರ್ಟು ಹೇಳಿದ್ದು 2021ರಲ್ಲಿ, 19.25 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿ ಆಗಿದ್ದು 2022ರಲ್ಲಿ. ಸುಮಾರು 15,000 ಬೆಳೆಗಾರರು ಅಷ್ಟು ವರ್ಷ ಕಾಯಬೇಕಾಯಿತು.

ಹಾಗಾದ್ರೆ ಎಣ್ಣೆ ತೆಗೀಲೇಬಾರದಾ ಅಂತ ಕೊನೆಗೆ ಕೇಳಿದ್ದೀರಿ. ಹಾಗೆ ನಾವು ಬರೆದಿಲ್ಲ. ನಾರ್ವೆ ದಶಕಗಳಿಂದ ಎಣ್ಣೆ ತೆಗೆಯುತ್ತಿದೆ, ಅದರ 1996ರ ಪೆಟ್ರೋಲಿಯಂ ಕಾನೂನಿನಲ್ಲಿ ಮೀನುಗಾರರ ಪರಿಹಾರಕ್ಕೇ ಒಂದು ಅಧ್ಯಾಯ ಇದೆ. ಮೀನು ಹಿಡಿಯುವ ಜಾಗ ಎಣ್ಣೆ ಕೆಲಸಕ್ಕೆ ಹೋದರೆ ನಷ್ಟವನ್ನು ಸರ್ಕಾರವೇ ತುಂಬಿಕೊಡಬೇಕು. ಎಣ್ಣೆ ಸೋರಿದರೆ ಕಂಪನಿಯ ತಪ್ಪು ಇತ್ತೋ ಇಲ್ಲವೋ ಅನ್ನೋ ಪ್ರಶ್ನೆಯೇ ಇಲ್ಲ, ಕೊಡಬೇಕು. ಘಾನಾದ ದೋಣಿಯವರಿಗೂ ಇಷ್ಟು ಸಿಕ್ಕಿದ್ದರೆ ನಾವು ಆ ಲೇಖನ ಹಾಕುತ್ತಿರಲಿಲ್ಲ.

– ಸಂಪಾದಕ